ಸರ್ಕಾರಿ ಖರೀದಿ, ಕಾಮಗಾರಿ ಮತ್ತು ಸಾರ್ವಜನಿಕ ಆಸ್ತಿ: ಕರ್ನಾಟಕದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳು ಗ್ರಾಮ ಪಂಚಾಯಿತಿ ಸದಸ್ಯರು, ಸಣ್ಣ ಗುತ್ತಿಗೆದಾರರು, ಶಾಲಾಭಿವೃದ್ಧಿ ಸಮಿತಿಯವರು ಹಾಗೂ ಮಾಹಿತಿ ಹಕ್ಕಿನ ಅರ್ಜಿ ಹಾಕುವ ನಾಗರಿಕರು ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳುವಂಥವು. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಉಳಿಸಲಾಗಿದೆ. ಉತ್ತರಗಳು ರಾಜ್ಯ ಸರ್ಕಾರದ ಇಲಾಖೆಗಳು, ನಿಗಮ, ಮಂಡಳಿಗಳು ಮತ್ತು ಸ್ಥಳೀಯ ಸಂಸ್ಥೆಗಳಿಗೆ ಸಂಬಂಧಿಸಿದವು. ರೈಲ್ವೆಯಂತಹ ಕೇಂದ್ರದ ಸಂಸ್ಥೆಗಳ ನಿಯಮಗಳು ಬೇರೆ.

## ಆರಂಭದ ಪ್ರಶ್ನೆಗಳು

ಕಚೇರಿಗೆ ಹತ್ತು ಕುರ್ಚಿ ಬೇಕೆಂದರೂ ಇಷ್ಟೊಂದು ಕಾಗದ ಯಾಕೆ? ಅಂಗಡಿಗೆ ಹೋಗಿ ತರಬಾರದೇ?

ಅತಿ ಸಣ್ಣ ಮೊತ್ತದ ಖರೀದಿಯನ್ನು ಕಚೇರಿಯ ಮುಖ್ಯಸ್ಥರು ತಮಗೆ ವಹಿಸಿದ ಆರ್ಥಿಕ ಅಧಿಕಾರದ ಮಿತಿಯಲ್ಲಿ ನೇರವಾಗಿ ಮಾಡಬಹುದು. ಅದಕ್ಕಿಂತ ಸ್ವಲ್ಪ ಹೆಚ್ಚಿನ ಮೊತ್ತಕ್ಕೆ ದರಪಟ್ಟಿ, ಅಂದರೆ ಕೊಟೇಷನ್, ತರಿಸಬೇಕು. ನಿಗದಿತ ಮಿತಿ ದಾಟಿದರೆ ಟೆಂಡರ್ ಕಡ್ಡಾಯ. ಮೂರೂ ಹಂತಗಳ ಹಿಂದಿರುವ ತತ್ವ ಒಂದೇ: ಖರ್ಚು ಮಾಡುವ ಅಧಿಕಾರಿಯ ಸ್ವಂತ ಹಣ ಅದಲ್ಲವಾದ್ದರಿಂದ, ಏಕೆ ಕೊಂಡೆ, ಇವರಿಂದಲೇ ಏಕೆ ಕೊಂಡೆ, ಈ ಬೆಲೆಗೆ ಏಕೆ ಕೊಂಡೆ ಎಂಬ ಮೂರು ಪ್ರಶ್ನೆಗಳಿಗೆ ಆತ ವರ್ಗವಾಗಿ ಹೋದ ಮೇಲೂ ಕಡತವೇ ಉತ್ತರ ಕೊಡುವಂತಿರಬೇಕು.

ಆದರೆ ಕಾಗದ ಸರಿಯಿದ್ದ ಮಾತ್ರಕ್ಕೆ ವ್ಯವಹಾರ ಸರಿಯಿದೆ ಎಂದಾಗದು. ಮೂರು ಕೊಟೇಷನ್‌ಗಳ ಲೆಟರ್‌ಹೆಡ್ ಬೇರೆ ಬೇರೆಯಾಗಿದ್ದು, ಮೂರರಲ್ಲೂ ಒಂದೇ ಅಕ್ಷರ ವಿನ್ಯಾಸ, ಒಂದೇ ಕಾಗುಣಿತದ ತಪ್ಪು ಇರುವ ಕಡತಗಳನ್ನು ಲೆಕ್ಕಪರಿಶೋಧಕರು ಬಲ್ಲರು.

ಕೆಟಿಪಿಪಿ ಕಾಯ್ದೆ ಎಂದರೇನು? ನಮ್ಮ ಪಂಚಾಯಿತಿಗೂ ಅನ್ವಯಿಸುತ್ತದೆಯೇ?

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಎಂಬುದರ ಬಳಕೆಯ ಹೆಸರು ಅದು. 2000ನೇ ಇಸವಿಯಲ್ಲಿ ಜಾರಿಗೆ ಬಂದ ಈ ಕಾಯ್ದೆಗೆ ಅದೇ ವರ್ಷ ನಿಯಮಗಳೂ ರಚನೆಯಾದವು. ಸರಕು, ಸೇವೆ, ಕಾಮಗಾರಿ ಮೂರನ್ನೂ ಇದು ಒಳಗೊಳ್ಳುತ್ತದೆ. ಇಲಾಖೆಗಳ ಜೊತೆಗೆ ಸರ್ಕಾರಿ ಕಂಪನಿ, ಮಂಡಳಿ, ವಿಶ್ವವಿದ್ಯಾಲಯ, ಪುರಸಭೆ ಮತ್ತು ಪಂಚಾಯಿತಿಗಳೂ ಇದರ ವ್ಯಾಪ್ತಿಯಲ್ಲಿವೆ. ಕಾಯ್ದೆಯನ್ನು ಉಲ್ಲಂಘಿಸಿ ಖರೀದಿ ಮಾಡುವುದು ಇಲಾಖಾ ವಿಚಾರಣೆಗೆ ಮಾತ್ರ ಸೀಮಿತವಾದ ತಪ್ಪಲ್ಲ, ಜೈಲುಶಿಕ್ಷೆಗೂ ಅವಕಾಶವಿರುವ ಅಪರಾಧ.

ಶಾಸಕರು ಭೂಮಿಪೂಜೆ ಮಾಡಿ ವರ್ಷವಾಯಿತು. ಕೆಲಸ ಇನ್ನೂ ಶುರುವಾಗಿಲ್ಲ. ಹಣ ಎಲ್ಲಿ ಹೋಯಿತು?

ಬಹುಪಾಲು ಪ್ರಕರಣಗಳಲ್ಲಿ ಹಣ ಇನ್ನೂ ಎಲ್ಲಿಗೂ ಹೋಗಿರುವುದಿಲ್ಲ. "ಮಂಜೂರಾಗಿದೆ" ಎಂಬ ಮಾತಿನೊಳಗೆ ಹಲವು ಹಂತಗಳಿವೆ. ಮೊದಲು ಅಂದಾಜು ಪಟ್ಟಿ ಸಿದ್ಧವಾಗಬೇಕು, ಈ ಕೆಲಸ ಬೇಕು, ಇಷ್ಟು ಖರ್ಚಿಗೆ ಒಪ್ಪಿಗೆಯಿದೆ ಎಂದು ಸಕ್ಷಮ ಪ್ರಾಧಿಕಾರ ಆಡಳಿತಾತ್ಮಕ ಅನುಮೋದನೆ ನೀಡಬೇಕು, ವಿನ್ಯಾಸ ಮತ್ತು ದರಗಳು ಸರಿಯಿವೆ ಎಂದು ಎಂಜಿನಿಯರ್ ತಾಂತ್ರಿಕ ಮಂಜೂರಾತಿ ನೀಡಬೇಕು, ಅನುದಾನ ಬಿಡುಗಡೆಯಾಗಬೇಕು, ಟೆಂಡರ್ ಆಗಿ, ಕರಾರಾಗಿ, ಕಾರ್ಯಾದೇಶ ಹೊರಡಬೇಕು. ಸಂವಿಧಾನದ 299ನೇ ವಿಧಿಯಂತೆ ರಾಜ್ಯದ ಕರಾರುಗಳು ರಾಜ್ಯಪಾಲರ ಹೆಸರಿನಲ್ಲಿ ಆಗಬೇಕಾದವು. ಬಾಯಿಮಾತಿನ ಭರವಸೆಯನ್ನು ನಂಬಿ ಕಾರ್ಯಾದೇಶಕ್ಕೆ ಮೊದಲೇ ಜಲ್ಲಿ ಹಾಕಿಸಿದ ಗುತ್ತಿಗೆದಾರ ಬಿಲ್ಲಿಗಾಗಿ ವರ್ಷಗಟ್ಟಲೆ ಅಲೆಯುವುದು ಇದೇ ಕಾರಣಕ್ಕೆ. ಆದ್ದರಿಂದ "ಹಣ ಎಲ್ಲಿ" ಎಂದು ಕೇಳುವುದಕ್ಕಿಂತ "ಕಡತ ಯಾವ ಹಂತದಲ್ಲಿದೆ" ಎಂದು ಕೇಳಿದರೆ ಖಚಿತ ಉತ್ತರ ಸಿಗುತ್ತದೆ. ಭೂಮಿಪೂಜೆ ಈ ಹಂತಗಳಲ್ಲಿ ಯಾವುದೂ ಅಲ್ಲ.

ಟೆಂಡರ್ ಕರೆದದ್ದು ಊರಲ್ಲಿ ಯಾರಿಗೂ ಗೊತ್ತಾಗಲೇ ಇಲ್ಲ. ಎಲ್ಲಿ ನೋಡಬೇಕು?

ಹಿಂದೆ ಪತ್ರಿಕೆಯ ಜಾಹೀರಾತು ಮತ್ತು ಟೆಂಡರ್ ಬುಲೆಟಿನ್ ನೋಡಬೇಕಿತ್ತು. ರಾಜ್ಯದಲ್ಲಿ 2007ರ ಹೊತ್ತಿಗೆ ಇ-ಸಂಗ್ರಹಣಾ ವೇದಿಕೆ ಬಂತು. ಈಗ ಅದರ ಜಾಗದಲ್ಲಿ ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್, ಬಳಕೆಯಲ್ಲಿ ಕೆಪಿಪಿಪಿ, ಇದೆ. ಟೆಂಡರ್ ಪ್ರಕಟಣೆಯನ್ನು ಇಲ್ಲಿ ಯಾರು ಬೇಕಾದರೂ ನೋಡಬಹುದು, ಗುತ್ತಿಗೆದಾರರೇ ಆಗಿರಬೇಕಿಲ್ಲ. ನೋಡುವಾಗ ಮೊತ್ತಕ್ಕಿಂತ ಮೊದಲು ದಿನಾಂಕಗಳ ಮೇಲೆ ಕಣ್ಣು ಹಾಯಿಸಿ. 2000ದ ನಿಯಮಗಳು ಮೂಲತಃ 2 ಕೋಟಿ ರೂಪಾಯಿವರೆಗಿನ ಟೆಂಡರ್‌ಗೆ ಕನಿಷ್ಠ 30 ದಿನ, ಅದಕ್ಕೆ ಮೀರಿದ್ದಕ್ಕೆ 60 ದಿನ ಕಾಲಾವಕಾಶ ಇಟ್ಟಿದ್ದವು. ನಂತರದ ತಿದ್ದುಪಡಿಗಳಲ್ಲಿ ಅವಧಿ ಕುಗ್ಗಿದೆ. ಅದರ ಮೇಲೂ ಕಡಿತ ಮಾಡಬೇಕಾದರೆ ಮೇಲಿನ ಪ್ರಾಧಿಕಾರ ಕಾರಣ ಬರೆದಿಟ್ಟು ಅನುಮತಿ ಕೊಡಬೇಕು. ಹಬ್ಬದ ಸಾಲು ರಜೆಯ ಹಿಂದಿನ ದಿನ ಪ್ರಕಟವಾಗಿ ರಜೆ ಮುಗಿದ ಮರುದಿನ ಮುಗಿಯುವ ಅಲ್ಪಾವಧಿ ಟೆಂಡರ್ ಕಂಡರೆ ಆ ಅನುಮತಿಯ ಪ್ರತಿಯನ್ನು ಕೇಳುವುದು ಯೋಗ್ಯ.

## ಟೆಂಡರ್ ಪ್ರಕ್ರಿಯೆ

ಕಡಿಮೆ ದರ ಹಾಕಿದವರಿಗೇ ಕೆಲಸ ಕೊಡಬೇಕೆಂಬ ಕಾನೂನಿದೆಯೇ?

ಇದೆ, ಆದರೆ ಕಡಿಮೆ ದರದ ಲೆಕ್ಕ ಶುರುವಾಗುವ ಮೊದಲು ಇನ್ನೊಂದು ಬಾಗಿಲು ದಾಟಬೇಕು. ದೊಡ್ಡ ಟೆಂಡರ್‌ಗಳಲ್ಲಿ ಎರಡು ಲಕೋಟೆ ಪದ್ಧತಿ ಇರುತ್ತದೆ: ಮೊದಲನೆಯದರಲ್ಲಿ ತಾಂತ್ರಿಕ ಅರ್ಹತೆ, ಎರಡನೆಯದರಲ್ಲಿ ದರ. ಹಿಂದಿನ ವರ್ಷಗಳ ವಹಿವಾಟು, ಇದೇ ಬಗೆಯ ಕಾಮಗಾರಿ ಮಾಡಿದ ಅನುಭವ, ಯಂತ್ರೋಪಕರಣ ಇವೆಲ್ಲ ಮೊದಲ ಲಕೋಟೆಯಲ್ಲಿ ತೂಗಲ್ಪಡುತ್ತವೆ. ಅಲ್ಲಿ ಉತ್ತೀರ್ಣರಾದವರ ಎರಡನೇ ಲಕೋಟೆ ಮಾತ್ರ ತೆರೆಯುತ್ತದೆ, ಅವರಲ್ಲಿ ಕಡಿಮೆ ದರದವರು ಎಲ್-1. ದರ ವಿಪರೀತ ಹೆಚ್ಚೆನಿಸಿ ಮಾತುಕತೆ ನಡೆಸುವುದಾದರೂ ಅದು ಎಲ್-1 ಜೊತೆ ಮಾತ್ರ.

ಹೀಗಾಗಿ ಪಕ್ಷಪಾತಕ್ಕೆ ಜಾಗವಿದ್ದರೆ ಅದು ದರ ತೆರೆಯುವ ಹೊತ್ತಿನಲ್ಲಿ ಕಡಿಮೆ, ಅರ್ಹತಾ ಷರತ್ತು ಬರೆಯುವ ಹೊತ್ತಿನಲ್ಲಿ ಹೆಚ್ಚು. ಜಿಲ್ಲೆಯಲ್ಲಿ ಒಬ್ಬರ ಬಳಿ ಮಾತ್ರ ಇರುವ ಯಂತ್ರವನ್ನು ಕಡ್ಡಾಯ ಮಾಡಿದರೆ ಟೆಂಡರ್ ಪೆಟ್ಟಿಗೆ ತೆರೆಯುವ ಮೊದಲೇ ಫಲಿತಾಂಶ ತೀರ್ಮಾನವಾಗಿರುತ್ತದೆ, ಮತ್ತು ಕಡತದಲ್ಲಿ ಎಲ್ಲವೂ ನಿಯಮಬದ್ಧವಾಗಿಯೇ ಕಾಣುತ್ತದೆ. ಒಮ್ಮೆ ಪ್ರಕಟಿಸಿದ ಷರತ್ತನ್ನು ಮಧ್ಯದಲ್ಲಿ ಒಬ್ಬರಿಗಾಗಿ ಸಡಿಲಿಸುವಂತಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 1979ರ ರಮಣ ದಯಾರಾಮ್ ಶೆಟ್ಟಿ ಪ್ರಕರಣದಲ್ಲೇ ಹೇಳಿದೆ. ಷರತ್ತು ಪ್ರಶ್ನಿಸುವುದಿದ್ದರೆ ಟೆಂಡರ್‌ಪೂರ್ವ ಸಭೆಯಲ್ಲೇ ಲಿಖಿತವಾಗಿ ಪ್ರಶ್ನಿಸಬೇಕು.

ಅಂದಾಜಿಗಿಂತ ಶೇ 30 ಬಿಲೋ ಹಾಕಿ ಹಿಡಿದಿದ್ದಾರೆ. ಕೆಲಸ ಕಳಪೆಯಾಗುವುದು ಖಂಡಿತ ತಾನೇ?

ಖಂಡಿತ ಎನ್ನಲಾಗದು. ಅಂದಾಜು ಪಟ್ಟಿ ನಿಂತಿರುವುದು ಲೋಕೋಪಯೋಗಿ ಇಲಾಖೆಯ ಅನುಸೂಚಿತ ದರಪಟ್ಟಿಯ, ಅಂದರೆ ಎಸ್‌ಆರ್ ದರದ, ಮೇಲೆ. ಅದು ಮಾರುಕಟ್ಟೆಗಿಂತ ಕೆಲವೊಮ್ಮೆ ಮುಂದೆ, ಕೆಲವೊಮ್ಮೆ ಹಿಂದೆ ಇರುತ್ತದೆ. ಸ್ವಂತ ಕ್ರಷರ್ ಇರುವವರಿಗೆ ಕಡಿಮೆ ದರ ನಿಜವಾಗಿಯೂ ಸಾಧ್ಯ. ಆದರೂ ಅಸಹಜವಾಗಿ ಕಡಿಮೆ ದರ ಬಂದಾಗ ದರ ವಿಶ್ಲೇಷಣೆ ಕೇಳುವುದಕ್ಕೆ, ವ್ಯತ್ಯಾಸಕ್ಕೆ ತಕ್ಕಂತೆ ಹೆಚ್ಚುವರಿ ಕಾರ್ಯನಿರ್ವಹಣಾ ಭದ್ರತಾ ಠೇವಣಿ ಪಡೆಯುವುದಕ್ಕೆ ಪ್ರಮಾಣಿತ ಟೆಂಡರ್ ದಾಖಲೆಯಲ್ಲೇ ಅವಕಾಶವಿದೆ. ಆ ಠೇವಣಿ ಪಡೆದಿದ್ದಾರೆಯೇ ಎಂಬುದೇ ನೀವು ವಿಚಾರಿಸಬೇಕಾದ ಸಂಗತಿ.

ಎಲ್ಲರೂ "4ಜಿ ವಿನಾಯಿತಿ" ಎನ್ನುತ್ತಾರೆ. ಅದು ಏನು? ಅಕ್ರಮವೇ?

ಮೊಬೈಲ್‌ಗೂ ಇದಕ್ಕೂ ಸಂಬಂಧವಿಲ್ಲ. ಕೆಟಿಪಿಪಿ ಕಾಯ್ದೆಯ 4ನೇ ಪ್ರಕರಣ ಟೆಂಡರ್ ಇಲ್ಲದೆ ಖರೀದಿಸಬಹುದಾದ ಸಂದರ್ಭಗಳನ್ನು ಹೇಳುತ್ತದೆ. ಸರ್ಕಾರ ಘೋಷಿಸಿದ ನೈಸರ್ಗಿಕ ವಿಕೋಪ ಅಥವಾ ತುರ್ತುಸ್ಥಿತಿ ಒಂದು. ಒಬ್ಬನೇ ಪೂರೈಕೆದಾರನಿರುವ ವಸ್ತು ಇನ್ನೊಂದು. ಹಾಗೆಂದು ಘೋಷಿಸಲು ಮೂವರು ತಜ್ಞರ ಸಮಿತಿ ಬೇಕು. ಸಣ್ಣ ಮೊತ್ತದ ಖರೀದಿ ಮತ್ತೊಂದು. ಇವುಗಳ ಸಾಲಿನಲ್ಲಿರುವ ಜಿ ಖಂಡದ ಪ್ರಕಾರ ಸರ್ಕಾರ ನಿರ್ದಿಷ್ಟ ಖರೀದಿಯೊಂದನ್ನು ಅಧಿಸೂಚನೆ ಹೊರಡಿಸಿ ಟೆಂಡರ್‌ನಿಂದ ಹೊರಗಿಡಬಹುದು. ಆದ್ದರಿಂದ ವಿನಾಯಿತಿ ಅಕ್ರಮವಲ್ಲ, ಕಾಯ್ದೆಯೊಳಗಿನ ಅಧಿಕಾರವೇ.

ಕಾಯ್ದೆಯಲ್ಲಿ ಉಳಿದ ವಿನಾಯಿತಿಗಳಿಗೆ ಸನ್ನಿವೇಶದ ಷರತ್ತುಗಳಿವೆ. ಜಿ ಖಂಡಕ್ಕೆ ಅಂತಹ ಗಟ್ಟಿ ಬೇಲಿ ಇಲ್ಲ, ಮುಖ್ಯವಾಗಿ ಸರ್ಕಾರದ ವಿವೇಚನೆ. ಕೆಆರ್‌ಐಡಿಎಲ್ (ಹಿಂದಿನ ಭೂಸೇನಾ ನಿಗಮ), ನಿರ್ಮಿತಿ ಕೇಂದ್ರ, ಕಿಯೋನಿಕ್ಸ್‌ನಂತಹ ಸಂಸ್ಥೆಗಳಿಗೆ ಈ ದಾರಿಯಲ್ಲಿ ಕೆಲಸ ಬಂದಿದೆ. ಸರ್ಕಾರದ್ದೇ ಸಂಸ್ಥೆಯಾದ್ದರಿಂದ ಲಾಭ ಸರ್ಕಾರದಲ್ಲೇ ಉಳಿಯುತ್ತದೆ, ಕೆಲಸ ಬೇಗ ಆಗುತ್ತದೆ ಎಂಬುದು ಇದರ ಪರವಾದ ವಾದ. ಆ ಸಂಸ್ಥೆ ತನ್ನ ಕಾರ್ಮಿಕರಿಂದ, ತನ್ನ ಯಂತ್ರಗಳಿಂದ ಕೆಲಸ ಮಾಡಿದರೆ ವಾದ ಒಪ್ಪಬಹುದು. ಒಪ್ಪಂದವನ್ನು ಹೆಸರಿಗೆ ಇಟ್ಟುಕೊಂಡು ಕೆಲಸವನ್ನು ಖಾಸಗಿಯವರ ಕೈಗೆ ದಾಟಿಸಿದರೆ ಟೆಂಡರ್ ತಪ್ಪಿಸುವ ಬಳಸುದಾರಿಯಾಗುತ್ತದೆ, ಮೇಲೆ ಸೇವಾಶುಲ್ಕ ಬೇರೆ. ಒಂದೊಂದು ಅಧಿಸೂಚನೆಯಲ್ಲೂ ಕಾರಣ ಏನೆಂದು ಬರೆದಿದೆ ನೋಡಿ. "ತುರ್ತು" ಎಂದಿದ್ದು, ಅಗತ್ಯ ಹುಟ್ಟಿ ಎರಡು ಬಜೆಟ್ ಕಳೆದಿದ್ದರೆ ತುರ್ತು ಸೃಷ್ಟಿಯಾದದ್ದು ವಿಳಂಬದಿಂದ ಎಂದೇ ಓದಿಕೊಳ್ಳಬೇಕಾಗುತ್ತದೆ.

ಒಂದೇ ರಸ್ತೆಯನ್ನು ಐದು ತುಂಡು ಮಾಡಿದ್ದಾರೆ. ಇನ್ನೊಂದು ಕಡೆ ಐವತ್ತು ಕೆಲಸ ಸೇರಿಸಿ ಒಂದೇ ಪ್ಯಾಕೇಜ್ ಮಾಡಿದ್ದಾರೆ. ಎರಡರಲ್ಲಿ ಯಾವುದು ತಪ್ಪು?

ಉದ್ದೇಶದ ಮೇಲೆ ಎರಡೂ ತಪ್ಪಾಗಬಹುದು, ಎರಡೂ ಸರಿಯಾಗಬಹುದು. ಟೆಂಡರ್‌ನ ಮಿತಿಯಿಂದ ಅಥವಾ ಮೇಲಧಿಕಾರಿಯ ಅನುಮೋದನೆಯಿಂದ ತಪ್ಪಿಸಿಕೊಳ್ಳಲು ಅಂದಾಜನ್ನು ತುಂಡರಿಸುವುದು ನಿಷಿದ್ಧ. ಒಂದೇ ವಾರದಲ್ಲಿ ಒಂದೇ ಅಂಗಡಿಯಿಂದ ಮಿತಿಗೆ ಕೆಲವೇ ರೂಪಾಯಿ ಕಡಿಮೆಯ ಬಿಲ್ಲುಗಳು ಸಾಲಾಗಿ ಬಂದಿದ್ದರೆ ವಿವರಣೆ ಬೇಕಾಗುತ್ತದೆ. ಇನ್ನೊಂದೆಡೆ ಪ್ಯಾಕೇಜ್‌ನಿಂದ ಮೇಲ್ವಿಚಾರಣೆ ಸುಲಭವೆನ್ನುವುದು ನಿಜವಾದರೂ, ಅದರ ವಹಿವಾಟಿನ ಷರತ್ತು ತಾಲ್ಲೂಕಿನ ಗುತ್ತಿಗೆದಾರರನ್ನೆಲ್ಲ ಹೊರಗೆ ನಿಲ್ಲಿಸುತ್ತದೆ. ಅದಕ್ಕಿಂತ ಗಂಭೀರವಾದದ್ದು ಮುಂದಿನ ಪ್ರಶ್ನೆಯಲ್ಲಿ ಹೇಳಿರುವ ಮೀಸಲಾತಿಯ ಮೊತ್ತದ ಮಿತಿಯಿಂದ ಕಾಮಗಾರಿಗಳು ಮೇಲಕ್ಕೆ ಜಾರಿಹೋಗುವುದು.

ಗುತ್ತಿಗೆಯಲ್ಲಿ ಮೀಸಲಾತಿ ಈಗ ಎಷ್ಟಿದೆ?

2017ರಿಂದ ನಿಗದಿತ ಮೊತ್ತದೊಳಗಿನ ಕಾಮಗಾರಿಗಳ ಸಂಖ್ಯೆಯಲ್ಲಿ ಶೇ 17.15ರಷ್ಟು ಪರಿಶಿಷ್ಟ ಜಾತಿಯ, ಶೇ 6.95ರಷ್ಟು ಪರಿಶಿಷ್ಟ ಪಂಗಡದ ಗುತ್ತಿಗೆದಾರರಿಗೆ ಮೀಸಲಿವೆ. ಆರಂಭದಲ್ಲಿ ಮಿತಿ 50 ಲಕ್ಷ ರೂಪಾಯಿ ಇತ್ತು, 2023ರಲ್ಲಿ 1 ಕೋಟಿಗೆ ಏರಿತು. ಮಿತಿಯನ್ನು 2 ಕೋಟಿಗೆ ಏರಿಸುವ, ಪ್ರವರ್ಗ 2ಬಿಗೂ (ಮುಸ್ಲಿಮರಿಗೆ) ಶೇ 4 ಮೀಸಲಿಡುವ ಮಸೂದೆಯನ್ನು 2025ರ ಮಾರ್ಚ್‌ನಲ್ಲಿ ವಿಧಾನಮಂಡಲ ಅಂಗೀಕರಿಸಿತು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳ ಪರಿಗಣನೆಗೆ ಕಾಯ್ದಿರಿಸಿದರು.

ನನ್ನ ಟೆಂಡರ್ ತಿರಸ್ಕರಿಸಿದ್ದಾರೆ. ನೇರವಾಗಿ ಹೈಕೋರ್ಟಿಗೆ ಹೋಗಲೇ?

ಮೊದಲು ಕೆಟಿಪಿಪಿ ಕಾಯ್ದೆಯ 16ನೇ ಪ್ರಕರಣದ ಮೇಲ್ಮನವಿ ಇದೆ. ಟೆಂಡರ್ ಅಂಗೀಕಾರದ ಆದೇಶ ಕೈಸೇರಿದ 30 ದಿನಗಳೊಳಗೆ ಸಲ್ಲಿಸಬೇಕು. ಹೈಕೋರ್ಟಿಗೆ ಹೋದರೂ ನ್ಯಾಯಾಲಯ ಮತ್ತೊಮ್ಮೆ ಟೆಂಡರ್ ಮೌಲ್ಯಮಾಪನ ಮಾಡಲು ಕೂರುವುದಿಲ್ಲ. ನಿರ್ಧಾರ ಸರಿಯೇ ಎಂಬುದಕ್ಕಿಂತ ನಿರ್ಧಾರಕ್ಕೆ ಬಂದ ರೀತಿ ಸರಿಯೇ ಎಂಬುದನ್ನು ಮಾತ್ರ ನೋಡುವುದು 1994ರ ಟಾಟಾ ಸೆಲ್ಯುಲರ್ ತೀರ್ಪಿನಿಂದ ಈಚೆಗೆ ನೆಲೆಗೊಂಡ ನಿಲುವು. ಕಪ್ಪುಪಟ್ಟಿಗೆ ಸೇರಿಸಿದ್ದರೆ ಮಾತ್ರ ನಿಮ್ಮ ಕೈ ಹೆಚ್ಚು ಬಲವಾಗಿರುತ್ತದೆ, ಏಕೆಂದರೆ ನೋಟಿಸ್ ಕೊಟ್ಟು ಅಹವಾಲು ಕೇಳದೆ ಹಾಗೆ ಮಾಡುವಂತಿಲ್ಲ.

## ಕೆಲಸ ಮುಗಿದ ಮೇಲೆ

ಎಂಬಿ ಬುಕ್ ಎಂದರೇನು? ಅದನ್ನು ನೋಡಿ ನಾವೇನು ತಿಳಿಯಬಹುದು?

ಅಳತೆ ಪುಸ್ತಕವೇ ಎಂಬಿ. ಕಾಮಗಾರಿಯ ಹಣ ಸಂದಾಯವಾಗುವುದು ಇದರಲ್ಲಿ ದಾಖಲಾದ ಅಳತೆಯ ಮೇಲೆ. ಪುಟಗಳಿಗೆ ಕ್ರಮಸಂಖ್ಯೆ ಇರುತ್ತದೆ, ಪುಟ ಹರಿಯುವಂತಿಲ್ಲ, ಬರೆದದ್ದನ್ನು ಅಳಿಸುವಂತಿಲ್ಲ, ತಿದ್ದಿದರೆ ಸಹಿ ಬೇಕು. ಕಿರಿಯ ಅಥವಾ ಸಹಾಯಕ ಎಂಜಿನಿಯರ್ ಸ್ಥಳದಲ್ಲಿ ಅಳೆದು ಬರೆಯುತ್ತಾರೆ, ಮೇಲಿನವರು ಒಂದು ಪಾಲನ್ನು ಪುನಃ ಅಳೆದು ತಾಳೆ ನೋಡುತ್ತಾರೆ.

ಒಂದು ನಮೂದನ್ನು ಹೀಗೆ ಓದಿ. ಕಾಂಕ್ರೀಟ್ ರಸ್ತೆ ಎಂಬ ಬಾಬಿನ ಮುಂದೆ ಉದ್ದ 50.00, ಅಗಲ 3.75, ದಪ್ಪ 0.15 ಮೀಟರ್ ಎಂದು ಮೂರು ಅಂಕಿಗಳಿದ್ದು ಕೊನೆಯ ಕಲಂನಲ್ಲಿ 28.125 ಘನ ಮೀಟರ್ ಎಂದಿರುತ್ತದೆ. ಈಗ ಟೇಪು ಹಿಡಿದು ರಸ್ತೆಗೆ ಹೋಗಿ. ಅಗಲ 3.50 ಮಾತ್ರ ಬಂದರೆ ನಿಜವಾದ ಪ್ರಮಾಣ 26.25 ಘನ ಮೀಟರ್, ಅಂದರೆ 1.875 ಘನ ಮೀಟರ್ ಕಾಂಕ್ರೀಟಿನ ಹಣ ಹೆಚ್ಚು ಸಂದಾಯವಾಗಿದೆ. ಉದ್ದ, ಅಗಲ ಯಾರು ಬೇಕಾದರೂ ಅಳೆಯಬಹುದು. ದಪ್ಪ ಮಾತ್ರ ಅಂಚಿನಲ್ಲಿ ನೋಡಿ ನಂಬುವಂಥದ್ದಲ್ಲ, ಅಂಚಿನಲ್ಲಿ ಆರು ಇಂಚು ಹಾಕಿ ನಡುವೆ ನಾಲ್ಕು ಹಾಕುವ ಕೈಚಳಕ ಹಳೆಯದು; ಕೋರ್, ಅಂದರೆ ರಸ್ತೆಯನ್ನು ಕೊರೆದ ಕಾಂಕ್ರೀಟ್ ತುಂಡು, ತೆಗೆದು ಪರೀಕ್ಷಿಸಿದ ವರದಿ ಕೇಳಬೇಕು. ದೋಷ ಹೊಣೆಗಾರಿಕೆ ಅವಧಿ ಮುಗಿಯುವವರೆಗೆ ಭದ್ರತಾ ಠೇವಣಿಯ ಒಂದು ಭಾಗ ಇಲಾಖೆಯ ಬಳಿಯೇ ಇರುತ್ತದೆಯಾದ್ದರಿಂದ ದೂರನ್ನು ಆ ಅವಧಿಯೊಳಗೆ ಕೊಟ್ಟರೆ ಮಾತ್ರ ಗುತ್ತಿಗೆದಾರನಿಂದಲೇ ದುರಸ್ತಿ ಮಾಡಿಸಲು ಸುಲಭ.

ಶಾಲೆಗೆ ಬಂದ ಕಂಪ್ಯೂಟರ್‌ಗಳು ಕಾಣುತ್ತಿಲ್ಲ. ಯಾರನ್ನು ಕೇಳಬೇಕು?

ದಾಸ್ತಾನು ವಹಿಯನ್ನು ಕೇಳಬೇಕು. ಕರ್ನಾಟಕ ಆರ್ಥಿಕ ಸಂಹಿತೆಯ ಪ್ರಕಾರ ಕೊಂಡ ಪ್ರತಿ ವಸ್ತುವನ್ನೂ ಎಣಿಸಿ ವಹಿಗೆ ತೆಗೆದುಕೊಳ್ಳಬೇಕು, ವಹಿಯ ಪುಟಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆಯಬೇಕು, ವರ್ಷಕ್ಕೊಮ್ಮೆ ಭೌತಿಕ ಪರಿಶೀಲನೆ ನಡೆಸಬೇಕು. ಅಧಿಕಾರಿ ವರ್ಗವಾದಾಗ ಪ್ರಭಾರ ಪಟ್ಟಿಯಲ್ಲಿ ಅವೆಲ್ಲ ಕೈ ಬದಲಾಗಬೇಕು. ಟೆಂಡರ್‌ಗೆ ಇರುವ ಕಾವಲಿನ ಹತ್ತರಲ್ಲಿ ಒಂದು ಪಾಲೂ ಈ ವಹಿಗೆ ಇಲ್ಲವೆಂಬುದು ನನ್ನ ಗಟ್ಟಿ ಅಭಿಪ್ರಾಯ. ಕೊಳ್ಳುವಾಗ ಐದು ಸಹಿ, ಕಳೆದುಹೋದಾಗ ಒಂದೂ ಇಲ್ಲ. ಪ್ರಭಾರ ವಹಿಸಿಕೊಳ್ಳುವವರು ಎಣಿಸದೆ ಸಹಿ ಹಾಕಿದರೆ ಕೊರತೆಯ ಹೊಣೆ ತಮ್ಮ ತಲೆಗೇ ಬರುತ್ತದೆಂಬುದನ್ನು ಮರೆಯಬಾರದು.

ಹಳೆಯ ಜೀಪು, ಮುರಿದ ಬೆಂಚು ಕಚೇರಿ ಹಿಂದೆ ಕೊಳೆಯುತ್ತಿವೆ. ಮಾರಲು ಏನಡ್ಡಿ?

ಅನುಪಯುಕ್ತವೆಂದು ಸಕ್ಷಮ ಪ್ರಾಧಿಕಾರ ಘೋಷಿಸಿದ ಮೇಲೆ ಬಹಿರಂಗ ಹರಾಜಿನಲ್ಲಿ ಮಾರಬಹುದು. ಬಂದ ಹಣ ಖಜಾನೆಗೆ ಜಮೆಯಾಗಬೇಕು, ಕಚೇರಿಯೇ ಖರ್ಚು ಮಾಡುವಂತಿಲ್ಲ. ಅದಕ್ಕೇ ಯಾರಿಗೂ ಆತುರವಿರುವುದಿಲ್ಲ. ವಾಹನಗಳ ಮಟ್ಟಿಗೆ 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಸರ್ಕಾರಿ ವಾಹನದ ನೋಂದಣಿ ನವೀಕರಣವಾಗುವುದಿಲ್ಲ, ಅವು ನೋಂದಾಯಿತ ಗುಜರಿ ಘಟಕಕ್ಕೆ ಹೋಗಬೇಕು.

## ಸರ್ಕಾರಿ ಜಮೀನು

ಗೋಮಾಳ ಊರಿನದೋ ಸರ್ಕಾರದ್ದೋ? ಒತ್ತುವರಿಯಾಗಿದೆ ಎಂದು ಹೇಗೆ ಗೊತ್ತಾಗುತ್ತದೆ?

1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಪ್ರಕರಣದಂತೆ ಯಾರ ಸ್ವತ್ತೂ ಅಲ್ಲದ ಜಮೀನು, ರಸ್ತೆ, ಹಳ್ಳ, ಕೆರೆ ಎಲ್ಲ ಸರ್ಕಾರದ್ದು. ಗೋಮಾಳವೂ ಹಾಗೆಯೇ, ಆದರೆ ಊರಿನ ದನಕರುಗಳ ಮೇವಿಗೆಂದು ಕಾಯ್ದಿಟ್ಟದ್ದು. ನಿಯಮದ ಪ್ರಕಾರ 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಉಳಿಸಬೇಕು. ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಬೇರೆ ಉದ್ದೇಶಕ್ಕೆ ಕೊಡುವ ಮಾತು. ಜಾನುವಾರು ಗಣತಿಯ ಅಂಕಿ ಕಡಿಮೆ ಬಂದಷ್ಟೂ "ಹೆಚ್ಚುವರಿ ಗೋಮಾಳ" ಬೆಳೆಯುತ್ತದೆಂಬುದನ್ನು ಗಮನಿಸಿ.

ಪಹಣಿಯ 9ನೇ ಕಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಯಾವ ಹಕ್ಕು, ಋಣ ದಾಖಲಾಗಿದೆ, 12ರಲ್ಲಿ ಯಾರು ಉಳುತ್ತಿದ್ದಾರೆ ಎಂಬುದನ್ನು ಒಟ್ಟಿಗೆ ಓದಿ. ಖಾಸಗಿ ಸರ್ವೆ ನಂಬರಿನೊಳಗೂ "ಬಿ ಖರಾಬು" ಎಂದಿರುವ ತುಣುಕು ದಾರಿ, ಹಳ್ಳ, ಸ್ಮಶಾನದಂತಹ ಸಾರ್ವಜನಿಕ ಬಳಕೆಯದು, ಸುತ್ತಲಿನ ಜಮೀನು ಕೊಂಡವರಿಗೆ ಅದು ಸೇರುವುದಿಲ್ಲ. ಬಡಾವಣೆಗಳಲ್ಲಿ ಮೊದಲು ಮಾಯವಾಗುವುದು ಇದೇ. ಕಂದಾಯ ಇಲಾಖೆ ಈಗ ಗ್ರಾಮ ಆಡಳಿತಾಧಿಕಾರಿಗಳ ಮೂಲಕ ಲ್ಯಾಂಡ್ ಬೀಟ್ ಆ್ಯಪ್‌ನಲ್ಲಿ ಸರ್ಕಾರಿ ಜಮೀನುಗಳ ಗಡಿಯನ್ನು ಸ್ಥಳಕ್ಕೇ ಹೋಗಿ ದಾಖಲಿಸುತ್ತಿದೆ.

ಒತ್ತುವರಿ ತೆರವಿಗೆ ಇಷ್ಟೊಂದು ಕಾನೂನುಗಳಿವೆ. ಯಾವುದನ್ನು ಹಿಡಿಯಬೇಕು?

ಆಸ್ತಿಯ ಬಗೆಯನ್ನು ನೋಡಿ ಹಿಡಿಯಬೇಕು. ಸಾಮಾನ್ಯ ಸರ್ಕಾರಿ ಜಮೀನಿಗೆ ಭೂ ಕಂದಾಯ ಕಾಯ್ದೆಯ ಅಡಿ ತಹಶೀಲ್ದಾರರು; ಸರ್ಕಾರಿ ಕಟ್ಟಡ, ವಸತಿಗೃಹ, ಮಳಿಗೆಗೆ 1974ರ ಸಾರ್ವಜನಿಕ ಆವರಣಗಳ ತೆರವು ಕಾಯ್ದೆ, ಅದರಡಿ ನೋಟಿಸ್, ವಿಚಾರಣೆ, ಆಮೇಲೆ ಜಿಲ್ಲಾ ನ್ಯಾಯಾಧೀಶರಲ್ಲಿ ಮೇಲ್ಮನವಿ; ದುರುದ್ದೇಶದ ಕಬಳಿಕೆಗೆ 2011ರ ಭೂ ಕಬಳಿಕೆ ನಿಷೇಧ ಕಾಯ್ದೆ.

ಕಾನೂನಿನ ಕೊರತೆ ಎಂದೂ ಇರಲಿಲ್ಲ. ಬೆಂಗಳೂರಿನ ಸುತ್ತಲಿನ ಒತ್ತುವರಿಯನ್ನು ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಜಂಟಿ ಸದನ ಸಮಿತಿ, ಆಮೇಲೆ ವಿ. ಬಾಲಸುಬ್ರಮಣಿಯನ್ ನೇತೃತ್ವದ ಕಾರ್ಯಪಡೆ ಸರ್ವೆ ನಂಬರ್ ಸಹಿತ ಬಯಲಿಗೆಳೆದವು. ಊರಿನ ಸಾಮೂಹಿಕ ಭೂಮಿಯ ಒತ್ತುವರಿ ತೆರವು ಮಾಡಿ ಎಂದು ಸುಪ್ರೀಂ ಕೋರ್ಟ್ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು. ಇನ್ನೊಂದೆಡೆ ಬಗರ್‌ಹುಕುಂ, ಅಂದರೆ ಸರ್ಕಾರಿ ಜಮೀನಿನಲ್ಲಿ ಅನುಮತಿಯಿಲ್ಲದ, ಸಾಗುವಳಿ ಸಕ್ರಮಕ್ಕೆ ನಮೂನೆ 50, 53, 57 ಎಂದು ಅರ್ಜಿಗಳೂ ಬಂದವು. ಭೂಹೀನ ರೈತನ ಎರಡು ಎಕರೆಗೂ ಬಡಾವಣೆದಾರನ ಇಪ್ಪತ್ತು ಎಕರೆಗೂ ವ್ಯತ್ಯಾಸ ಮಾಡುವುದು ನ್ಯಾಯವೇ, ಆದರೆ ಮೊದಲನೆಯವನನ್ನು ಮುಂದಿಟ್ಟು ಎರಡನೆಯವನು ಅರ್ಜಿ ಹಾಕಿದಾಗ ಗುರುತಿಸುವ ಕೆಲಸ ಸ್ಥಳ ಮಹಜರು ಬರೆಯುವವರ ಕೈಯಲ್ಲಿದೆ.

## ಲೆಕ್ಕ ಮತ್ತು ಪರಿಶೀಲನೆ

ಸಿಎಜಿ ವರದಿಯಲ್ಲಿ ನಮ್ಮ ಇಲಾಖೆಯ ಬಗ್ಗೆ ಬಂದಿದೆ. ಮುಂದೇನಾಗುತ್ತದೆ?

ಪರಿಶೋಧಕರ ಆಕ್ಷೇಪ ತಕ್ಷಣ ವರದಿಯಾಗುವುದಿಲ್ಲ. ಮೊದಲು ಕಚೇರಿಗೆ ಪರಿಶೀಲನಾ ವರದಿ ಬರುತ್ತದೆ, ಉತ್ತರ ತೃಪ್ತಿಕರವಾದರೆ ಕಂಡಿಕೆ ಅಲ್ಲೇ ತೀರುವಳಿಯಾಗುತ್ತದೆ. ಉಳಿದವುಗಳಲ್ಲಿ ಗಂಭೀರವಾದವು ರಾಜ್ಯಪಾಲರಿಗೆ ಸಲ್ಲಿಕೆಯಾಗುವ ವರದಿಯಲ್ಲಿ ಸೇರಿ, ವಿಧಾನಮಂಡಲದಲ್ಲಿ ಮಂಡನೆಯಾಗಿ, ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಮುಂದೆ ಬರುತ್ತವೆ. ಅಷ್ಟರಲ್ಲಿ ಸಂಬಂಧಪಟ್ಟ ಅಧಿಕಾರಿ ನಿವೃತ್ತರಾಗಿರುವುದು ಅಪರೂಪವಲ್ಲ.

ಇವೆಲ್ಲ ದಾಖಲೆ ನಮ್ಮಂಥವರ ಕೈಗೆ ಸಿಗುತ್ತವೆಯೇ?

ಸಿಗುತ್ತವೆ, ಕೇಳುವುದನ್ನು ಹೆಸರಿಟ್ಟು ಕೇಳಿದರೆ. ಕರ್ನಾಟಕದ ನಿಯಮದಂತೆ ಮಾಹಿತಿ ಹಕ್ಕಿನ ಅರ್ಜಿ 150 ಪದಗಳೊಳಗೆ, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಶುಲ್ಕ 10 ರೂಪಾಯಿ. "ಕಾಮಗಾರಿಯ ಸಂಪೂರ್ಣ ಮಾಹಿತಿ ಕೊಡಿ" ಎಂದರೆ ಕಾಗದ ತಿರುಗಿ ಬರುತ್ತದೆ. ಅಂದಾಜು ಪಟ್ಟಿ, ಟೆಂಡರ್ ತುಲನಾತ್ಮಕ ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಗುಣಮಟ್ಟ ಪರೀಕ್ಷಾ ವರದಿ, ಅಂತಿಮ ಬಿಲ್ ಎಂದು ಬರೆದು, ಟೆಂಡರ್ ಸಂಖ್ಯೆಯನ್ನೂ ನಮೂದಿಸಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಅದೇ ಇಲಾಖೆಯ ಹಿರಿಯ ಅಧಿಕಾರಿಗೆ, ಎರಡನೆಯದು ಕರ್ನಾಟಕ ಮಾಹಿತಿ ಆಯೋಗಕ್ಕೆ. ಪ್ರತಿ ಪಡೆಯುವುದಷ್ಟೇ ಅಲ್ಲ, ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕೂ 2005ರ ಕಾಯ್ದೆಯ 2(ಜೆ) ಪ್ರಕರಣದಲ್ಲಿದೆ.

ಗ್ರಾಮ ಪಂಚಾಯಿತಿಯ ಮಟ್ಟದಲ್ಲಾದರೆ ಅರ್ಜಿಯೂ ಬೇಡ. ಪ್ರತಿ ವರ್ಷ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ನಡೆಯುವ ಜಮಾಬಂದಿಯಲ್ಲಿ ವಹಿಗಳನ್ನು ಸಾರ್ವಜನಿಕರ ಮುಂದಿಡಬೇಕು, ಕಾಮಗಾರಿ ಸ್ಥಳಗಳನ್ನೂ ತೋರಿಸಬೇಕು. ದಿನಾಂಕವನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಬಳಿ ಮುಂಚೆಯೇ ವಿಚಾರಿಸಿಕೊಂಡು, ಹೋಗುವಾಗ ಒಂದು ಅಳತೆ ಟೇಪು ತೆಗೆದುಕೊಂಡು ಹೋಗಿ.